ಬೂಟಿಲ್ಲ ಅಂದವನ ಬಾಯಿ

ನಾಲತವಾಡದ ಹೊರಗಿನ ರಸ್ತೆಯಲ್ಲಿ ನಸುಕಿನ ಐದಕ್ಕ ನಮ್ಮ ಕೇರಿಯ ಹುಡುಗರು ಓಡತಾರ. ಮಿಲಿಟರಿ ಭರ್ತಿಗೆ. ಎತ್ತರ ಎಷ್ಟು, ಎದಿ ಎಷ್ಟು, ಓಟ ಎಷ್ಟು, ಇಷ್ಟೇ ಅವರಿಗಿರುವ ಪ್ರಶ್ನೆ. ಯುದ್ಧ ಬೇಕೋ ಬೇಡವೋ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಹೋಗಲಿ, ಜನರಲ್ಲರನ್ನಾದರೂ ಕೇಳತಾರೇನು?

ಕೊಡಗಿನ ತಿಮ್ಮಯ್ಯನವರನ್ನೇ ತಗೊಳ್ರಿ. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಬಡ್ತಿಗಳಲ್ಲಿ ಕೈಯಾಡಿಸಿದರು, ಇವರ ಮಾತಿಗೆ ಕಿಮ್ಮತ್ತು ಕೊಡಲಿಲ್ಲ. 1959ರ ಆಗಸ್ಟ್ 31ಕ್ಕೆ ತಿಮ್ಮಯ್ಯ ರಾಜೀನಾಮೆ ಬರೆದರು. ನೆಹರೂ ಕರೆದು, ಸಮಾಧಾನ ಹೇಳಿ, ಹಿಂದಕ್ಕೆ ತೆಗೆಸಿದರು. ಎರಡೇ ದಿನಕ್ಕೆ ಪಾರ್ಲಿಮೆಂಟಿನಲ್ಲಿ ನಿಂತು, ನಾಗರಿಕ ಅಧಿಕಾರವೇ ದೊಡ್ಡದು ಎಂದು ಪಾಠ ಹೇಳಿದರು.

ಆ ಪಾಠ ಸುಳ್ಳಲ್ಲ. ಹಿಂದಿನ ವರ್ಷವೇ ಪಾಕಿಸ್ತಾನದಾಗ ಅಯೂಬ್ ಖಾನ್ ಗದ್ದುಗೆ ಏರಿದ್ದ. ದಂಡಿನವರ ಕೈಗೆ ದೇಶ ಕೊಟ್ಟರೆ ಮೊದಲ ಲಾಠಿ ಬೀಳುವುದು ನಮ್ಮ ಬೆನ್ನಿಗೇ. ಆದರೆ ಗದ್ದುಗೆ ಕೇಳುವ ಜನರಲ್ ಬೇರೆ, 'ಬೂಟಿಲ್ಲ, ಮದ್ದಿಲ್ಲ' ಅನ್ನುವ ಜನರಲ್ ಬೇರೆ. ದಿಲ್ಲಿ ಇಬ್ಬರನ್ನೂ ಒಂದೇ ಕೋಲಿನಿಂದ ಬಡಿಯಿತು.

1962ರಲ್ಲಿ ನಾಮ್ಕಾ ಚು ಹೊಳೆಯ ಕಡೆ ಚೀನೀಯರನ್ನು ತಳ್ಳಲು ತಯಾರಿ ಸಾಲದು ಎಂದ ಲೆಫ್ಟಿನೆಂಟ್ ಜನರಲ್ ಉಮ್ರಾವ್ ಸಿಂಗರನ್ನು ಆ ಗಡಿಯ ಹೊಣೆಯಿಂದಲೇ ಸರಿಸಿದರು. ಮೇಲಿನವರಿಗೆ ಬೇಕಾದ ಕೌಲ್ ಬಂದರು. ಹೂಂ ಅಂದ ಜನರಲ್ಲರೂ ಇದ್ದರಲ್ಲ, ಅವರನ್ನೂ ಬಿಡಬಾರದು. ಅಕ್ಟೋಬರ್ 12ಕ್ಕೆ ಸಿಲೋನಿಗೆ ಹೊರಟ ನೆಹರೂ, ನಮ್ಮ ನೆಲ ಬಿಡಿಸಿಕೊಳ್ಳಲು ಸೈನ್ಯಕ್ಕೆ ಹೇಳಿದ್ದೇವೆ ಎಂದು ಪತ್ರಕರ್ತರ ಮುಂದೆ ಅಂದೇಬಿಟ್ಟರು. ಎಂಟು ದಿನಕ್ಕೆ, 20ರ ಬೆಳಿಗ್ಗೆ, ಚೀನಾದ ಫಿರಂಗಿಗಳು ಸಿಡಿದವು. ಕ್ಯಾನ್ವಾಸ್ ಬೂಟು, ಹತ್ತಿಯ ಅಂಗಿ ತೊಟ್ಟ ಜವಾನರು ಆ ಚಳಿಯಾಗ ಸತ್ತರು.

ಮೆನನ್ ಮಂತ್ರಿಗಿರಿ ಕಳಕೊಂಡರು. ಕೌಲ್ ರಾಜೀನಾಮೆ ಕೊಟ್ಟು ತಮ್ಮ ಕತೆ ತಾವೇ ಬರಕೊಂಡರು. ಸತ್ತ ಜವಾನ ಏನು ಬರೀಬೇಕ್ರಿ? ಸೋಲಿನ ತನಿಖೆ ಮಾಡಿದ ಹೆಂಡರ್ಸನ್ ಬ್ರೂಕ್ಸ್ ವರದಿಗೆ 1963ರಿಂದ ಬೀಗ. ಯಾವ ಪಕ್ಷದ ಸರ್ಕಾರ ಬಂದರೂ ಕೀಲಿಕೈ ಮಾತ್ರ ಒಂದೇ ಕಿಸೆಯಲ್ಲಿ.

2022ರಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷದ ನೌಕರಿ, ಆಮೇಲೆ ನಾಲ್ವರಲ್ಲಿ ಒಬ್ಬನಿಗಷ್ಟೇ ಜಾಗ ಅಂದರು. ಹುಡುಗರು ಬರಿಗಾಲಲ್ಲೇ ಓಡತಾ ಇದ್ದಾರ. ಮೊನ್ನೆ ಅವರಲ್ಲೊಬ್ಬನ ತಾಯಿ ನನ್ನನ್ನು ನಿಲ್ಲಿಸಿ ಕೇಳಿದಳು: 'ತಮ್ಮಾ, ನೀ ಓದಿದಾಂವ, ಹೇಳು. ಬೂಟು ಅವರೇ ಕೊಡತಾರೋ, ನಾವೇ ತರಬೇಕೋ?'