ದಂಡ ಚಾಲಕರಿಗಷ್ಟೇ ಸಾಲದು, ದೀಪ ಮಾರುವವರಿಗೂ ಬೀಳಲಿ

2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಗೆ ಇಳಿದಾಗ ಜನ ಎರಡು ಪಾಳಯವಾದರು. ಇಷ್ಟು ವರ್ಷ ಎದುರಿನ ವಾಹನದ ಹೈ ಬೀಮಿಗೆ ಕಣ್ಣು ಕಿರಿದು ಮಾಡಿಕೊಂಡೇ ಓಡಾಡಿದವರು ಸ್ವಾಗತಿಸಿದರು. ಘಾಟಿ ಹತ್ತಿಳಿಯುವವರು, ದೂರ ಪ್ರಯಾಣದವರು ಮಾತ್ರ ಕೇಳಿದರು: ಕಂಪನಿ ಕೊಟ್ಟ ದೀಪವನ್ನೇ ನಂಬಿ ಮಂಜಿನಲ್ಲಿ ಹೋದರೆ ನಮ್ಮ ಪ್ರಾಣಕ್ಕೆ ಹೊಣೆ ಯಾರು?

ಆ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ, ಈಗ ಇನ್ನಷ್ಟು ತೀಕ್ಷ್ಣವಾಗಿದೆ. ಟೆಂಪೊ ಟ್ರಾವೆಲರ್‌ನಂಥ ಗಾಡಿಗಳ ಒಳಗೆ ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ ಕೂರಿಸಿದ ಕ್ಯಾರವಾನ್‌ಗಳು ಕೊಡಗು, ಚಿಕ್ಕಮಗಳೂರು, ಕರಾವಳಿಯ ಹಾದಿ ಹಿಡಿಯುತ್ತಿವೆ. ಇಂಥ ಗಾಡಿಗೆ ಸಿಂಗಾರವೆಂದೋ ಸುರಕ್ಷತೆಯೆಂದೋ ಹೆಚ್ಚುವರಿ ದೀಪ ಹಾಕಿಸುವ ಆಸೆ ಮಾಲೀಕರಿಗೆ ಬರುವುದು ಸಹಜ. ಬಂಪರ್ ಮೇಲೆ ಎರಡು, ಚಾವಣಿಯ ಮೇಲೊಂದು ಉದ್ದನೆಯ ಲೈಟ್ ಬಾರ್. ನನ್ನ ನಿಲುವು ಸ್ಪಷ್ಟ: ಬಂಪರಿನ ಕೆಳಗೆ ಸರಿಯಾಗಿ ಕೂರಿಸಿದ ಫಾಗ್ ಲ್ಯಾಂಪಿಗೆ ಕಾನೂನು ದಾರಿ ಮಾಡಿಕೊಡಬೇಕು. ಚಾವಣಿಯ ಲೈಟ್ ಬಾರಿಗೆ, ಎದುರಿನವರ ಕಣ್ಣಿಗೆ ಹೊಡೆಯುವ ಬಲ್ಬಿಗೆ ನಮ್ಮ ರಸ್ತೆಗಳಲ್ಲಿ ಜಾಗವೇ ಇರಕೂಡದು.

ಮಂಜು ಎಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು. ಅದರೊಳಗೆ ಬೆಳಕು ಸುರಿದಷ್ಟೂ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಮಳೆಗಾಲದ ದಿನ ಹೈ ಬೀಮ್ ಹಾಕಿ ನೋಡಿದವರಿಗೆ ಇದು ಗೊತ್ತು: ಮುಂದೆ ಬಿಳಿ ಪಂಚೆ ಕಟ್ಟಿದಂತಾಗಿ ಇದ್ದ ರಸ್ತೆಯೂ ಮಾಯವಾಗುತ್ತದೆ. ಅದಕ್ಕೇ ಫಾಗ್ ಲ್ಯಾಂಪನ್ನು ಕೆಳಗೆ ಕೂರಿಸುವುದು. ಅದರ ಬೆಳಕು ಅಗಲವಾಗಿ, ಚಪ್ಪಟೆಯಾಗಿ ಹರಡಿ ರಸ್ತೆಯ ಅಂಚನ್ನೂ ಬಿಳಿ ಗೆರೆಯನ್ನೂ ತೋರಿಸುತ್ತದೆ. ಮೇಲಕ್ಕೆ ಹಾಯುವುದಿಲ್ಲ. ಕಾರುಗಳ ಮುಂದಿನ ಫಾಗ್ ಲ್ಯಾಂಪ್ ನೆಲದಿಂದ 25 ಸೆಂಟಿಮೀಟರಿಗಿಂತ ಕೆಳಗೂ 80 ಸೆಂಟಿಮೀಟರಿಗಿಂತ ಮೇಲೂ ಇರಬಾರದೆಂದು ವಿಶ್ವಸಂಸ್ಥೆಯ ವಾಹನ ನಿಯಮಗಳು ಹೇಳುವುದರ ಹಿಂದೆ ಇರುವುದು ಈ ಲೆಕ್ಕವೇ.

ಲೈಟ್ ಬಾರ್ ಮಾಡುವುದು ಇದರ ತದ್ವಿರುದ್ಧ. ಕ್ಯಾರವಾನಿನ ಚಾವಣಿಯಿಂದ ಹೊರಟ ಬೆಳಕು ಚಾಲಕನ ಕಣ್ಣಿಗೂ ರಸ್ತೆಗೂ ನಡುವಿನ ಮಂಜನ್ನೇ ಬೆಳಗುತ್ತದೆ. ಅವನಿಗೆ ಕಾಣುವುದು ಇನ್ನೂ ಕಡಿಮೆ. ಎದುರಿನಿಂದ ಬರುವವನ ಪಾಡು ಅದಕ್ಕಿಂತ ಕೆಟ್ಟದ್ದು. ದೀಪ ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ಬೆಳಕನ್ನು ಕಣ್ಣಿಗಿಂತ ಕೆಳಗೇ ಕತ್ತರಿಸಬಹುದು. ಕಣ್ಣಿಗಿಂತ ಮೇಲಿದ್ದರೆ, ರಸ್ತೆಗೆ ಇಳಿಯುವ ಬೆಳಕು ಎದುರಿನವನ ಮುಖದ ಮೇಲೇ ಹಾದು ಇಳಿಯಬೇಕು. ಇದು ಹೊಂದಾಣಿಕೆ ಮಾಡಿ ಸರಿಪಡಿಸುವ ದೋಷವಲ್ಲ, ಆ ದೀಪವಿರುವ ಜಾಗದ್ದೇ ದೋಷ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಬೈಕ್ ಸವಾರನ ಕಣ್ಣು ಮೂರು ಸೆಕೆಂಡು ಕತ್ತಲಿಟ್ಟರೆ ಅವನು 50 ಮೀಟರ್ ಕುರುಡಾಗಿ ಸಾಗಿರುತ್ತಾನೆ. ಆ 50 ಮೀಟರಿನೊಳಗೆ ದನ ಇರಬಹುದು, ನಡೆದು ಹೋಗುವವರು ಇರಬಹುದು, ಕೆಟ್ಟು ನಿಂತ ಲಾರಿ ಇರಬಹುದು.

ದೂರಕ್ಕೆ ಚಿಮ್ಮುವ ಡ್ರೈವಿಂಗ್ ಲ್ಯಾಂಪುಗಳ ಪರವಾಗಿ ವಾದಿಸುವವರು ಹೊರದೇಶಗಳ ಉದಾಹರಣೆ ಕೊಡುತ್ತಾರೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ರಾತ್ರಿ ಎಷ್ಟೋ ಹೊತ್ತು ಎದುರಿಗೆ ಇನ್ನೊಂದು ಗಾಡಿಯೇ ಸಿಗದು. ಅಡ್ಡ ಬರುವ ಕಾಂಗರೂವನ್ನು ದೂರದಿಂದಲೇ ಕಾಣಲು ಅಲ್ಲಿ ಅಂಥ ದೀಪ ಬೇಕು. ಶಿರಾಡಿಯಲ್ಲೋ ಸಂಪಾಜೆಯಲ್ಲೋ ಪ್ರತಿ ತಿರುವಿನಲ್ಲೂ ಎದುರಿಗೊಂದು ಬಸ್ಸು, ಹಿಂದೊಂದು ಟ್ಯಾಂಕರ್. ಇಲ್ಲಿ ಆ ದೀಪ ಉರಿಸಲು ಸುರಕ್ಷಿತವಾದ ಒಂದು ನಿಮಿಷವೂ ಸಿಗುವುದು ಕಷ್ಟ.

ಕಾನೂನು ಇದನ್ನೆಲ್ಲ ಎಂದೋ ಹೇಳಿದೆ. ಮುಂದಿನ ದೀಪದ ಬೆಳಕು, 8 ಮೀಟರ್ ದೂರದಲ್ಲಿ ದೀಪದ ಬಲಕ್ಕೆ ಅರ್ಧ ಮೀಟರ್ ಸರಿದು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸಬಾರದು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 106ನೇ ನಿಯಮ. ಸ್ಪಾಟ್ ಲೈಟ್, ಸರ್ಚ್ ಲೈಟ್‌ಗಳನ್ನು ನೋಂದಣಿ ಪ್ರಾಧಿಕಾರದ ಪೂರ್ವಾನುಮತಿ ಇಲ್ಲದೆ ಹಾಕುವಂತಿಲ್ಲ ಎನ್ನುತ್ತದೆ 111ನೇ ನಿಯಮ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯು ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆಮನೆ, ಇಲ್ಲವೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಎಂದಿತು. ಆದರೆ ರಸ್ತೆಯಲ್ಲಿ ಬೀಳುವುದು ಸೆಕ್ಷನ್ 177ರ 500 ರೂಪಾಯಿ ದಂಡ. ದೀಪದ ಬೆಲೆಗಿಂತ ದಂಡ ಕಡಿಮೆ ಇರುವಾಗ ಯಾರು ಹೆದರುತ್ತಾರೆ?

ಈ ದೀಪ ಬಂದದ್ದೆಲ್ಲಿಂದ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ತಾಲ್ಲೂಕು ಕೇಂದ್ರಗಳ ಆಕ್ಸೆಸರಿ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಇವು ರಾಜಾರೋಷವಾಗಿ ಸಿಗುತ್ತವೆ. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟಿನೊಳಗೆ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಹುಟ್ಟುವ ಜಾಗವೇ ಬೇರೆಯಾಗಿ, ಡಿಮ್ ಮಾಡಿದರೂ ಬೆಳಕು ಚೆಲ್ಲಾಪಿಲ್ಲಿ ಹಾರುತ್ತದೆ. ಇದು ಮಾರುವವರಿಗೆ ಗೊತ್ತಿಲ್ಲವೆ? ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿಸಿದ ಬಿಡಿಭಾಗಗಳನ್ನು ನಿಯಮ ಮೀರಿ ಮಾರಿದರೆ ಒಂದೊಂದಕ್ಕೂ ಒಂದು ಲಕ್ಷ ರೂಪಾಯಿ ದಂಡ ಹಾಕಲು 182ಎ ಸೆಕ್ಷನ್ ಅಧಿಕಾರ ಕೊಟ್ಟಿದೆ. ಆ ಅಧಿಕಾರ ಅಂಗಡಿಯ ಬಾಗಿಲು ತಟ್ಟಬೇಕು. ದಾರಿಯಲ್ಲಿ ಗಾಡಿ ಅಡ್ಡಗಟ್ಟಿ ಹತ್ತು ಬಲ್ಬ್ ಕಿತ್ತರೆ ಅಂಗಡಿಯಲ್ಲಿ ನೂರು ಮಾರಾಟವಾಗಿರುತ್ತದೆ.

ಇನ್ನೊಂದು ಅನ್ಯಾಯವೂ ಇದೆ. ಕಂಪನಿಗಳು ಫಾಗ್ ಲ್ಯಾಂಪನ್ನು ಸಾಮಾನ್ಯವಾಗಿ ದುಬಾರಿ ಮಾದರಿಗಳಿಗೆ ಮಾತ್ರ ಕೊಡುತ್ತವೆ. ಅಗ್ಗದ ಮಾದರಿ ಕೊಂಡ ಮೂಡಿಗೆರೆಯ ಟ್ಯಾಕ್ಸಿ ಚಾಲಕ ವರ್ಷದ ನಾಲ್ಕು ತಿಂಗಳು ಮಂಜಿನಲ್ಲೇ ದುಡಿಯುವವನು. ಅವನು ಆಮೇಲೆ ಅದೇ ದೀಪ ಹಾಕಿಸಿದರೆ ಅನುಮಾನಕ್ಕೆ ಗುರಿಯಾಗುತ್ತಾನೆ. ಸಿಎನ್‌ಜಿ ಕಿಟ್ಟನ್ನು ಪರೀಕ್ಷಿಸಿ ಆರ್‌ಸಿಯಲ್ಲಿ ಬರೆದುಕೊಡುವ ಆರ್‌ಟಿಒಗೆ ಒಂದು ಜೊತೆ ಫಾಗ್ ಲ್ಯಾಂಪನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವುದು ಅಸಾಧ್ಯವೇನಲ್ಲ. ಪ್ರಮಾಣಿತ ದೀಪವೇ, ಎತ್ತರ ಸರಿ ಇದೆಯೇ, ಬೆಳಕಿನ ಗೆರೆ ಕೆಳಗಿದೆಯೇ, ವೈರಿಂಗಿಗೆ ರಿಲೇ ಮತ್ತು ಫ್ಯೂಸ್ ಇದೆಯೇ: ಇಷ್ಟು ನೋಡಿದರೆ ಸಾಕು. ಕೊನೆಯದ್ದು ಕ್ಯಾರವಾನಿಗೆ ಇನ್ನೂ ಮುಖ್ಯ. 55 ವಾಟಿನ ಎರಡು ದೀಪ 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿಗೂ ಹೆಚ್ಚು ವಿದ್ಯುತ್ ಎಳೆಯುತ್ತವೆ. ಅಷ್ಟನ್ನು ಸಣ್ಣ ವೈರಿನಲ್ಲಿ ನೇರ ಸ್ವಿಚ್ಚಿಗೆ ಜೋಡಿಸಿದರೆ ವೈರು ಕಾಯುತ್ತದೆ. ಹಿಂದೆ ಹಾಸಿಗೆಯಲ್ಲಿ ಮಕ್ಕಳು ಮಲಗಿರುವ, ಅಡುಗೆಯ ಗ್ಯಾಸ್ ಇಟ್ಟಿರುವ ಗಾಡಿಯದು. ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಅದಕ್ಕೆ ತಕ್ಕಂತೆ ಕಟ್ಟಿದ ಗಾಡಿಗೆ ಬೀದಿಬದಿಯಲ್ಲಿ ವೈರು ಸುತ್ತಿಸುವುದು ಹುಡುಗಾಟವಲ್ಲ.

ಕೊನೆಯದಾಗಿ, ಯಾವ ದೀಪವೂ ವೇಗಕ್ಕೆ ಪರಿಹಾರವಲ್ಲ. 50 ಮೀಟರ್ ಮಾತ್ರ ಕಾಣುವ ಮಂಜಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಆ ದೂರ ದಾಟಲು ಎರಡೂಕಾಲು ಸೆಕೆಂಡು ಸಾಕು. ತುಂಬಿದ ಕ್ಯಾರವಾನ್ ಅಷ್ಟರಲ್ಲಿ ನಿಲ್ಲುವುದಿಲ್ಲ. ಸರ್ಕಾರವೂ ಘಾಟಿಗಳಲ್ಲಿ ಬಿಳಿ ಗೆರೆ ಮಾಸದಂತೆ, ತಿರುವಿನ ಪ್ರತಿಫಲಕಗಳು ಮುರಿದು ಬೀಳದಂತೆ ನೋಡಿಕೊಳ್ಳಲಿ. ರಸ್ತೆಯ ಅಂಚು ಕಂಡರೆ ಹೆಚ್ಚುವರಿ ದೀಪದ ಹಂಬಲವೇ ಅರ್ಧ ಕಡಿಮೆಯಾಗುತ್ತದೆ.

ಸಾರಿಗೆ ಇಲಾಖೆ ಮೂರು ಕೆಲಸ ಮಾಡಲಿ: ಫಾಗ್ ಲ್ಯಾಂಪಿಗೆ ಸರಳವಾದ ಅನುಮತಿ ವ್ಯವಸ್ಥೆ ತರಲಿ, ಚಾವಣಿಯ ಲೈಟ್ ಬಾರ್ ಹೊತ್ತ ಗಾಡಿಗೆ ಎಫ್‌ಸಿ ನಿರಾಕರಿಸಲಿ, ಅಕ್ರಮ ದೀಪ ಮಾರುವ ಅಂಗಡಿಗಳ ಮೇಲೆ ಕೇಸು ಹಾಕಲಿ. ಮಾಲೀಕರು ಅದಕ್ಕಾಗಿ ಕಾಯಬೇಕಿಲ್ಲ. ನಿಮ್ಮ ಗಾಡಿಯ ಮೇಲೆ ಲೈಟ್ ಬಾರ್ ಇದ್ದರೆ ಈ ವಾರವೇ ಬಿಚ್ಚಿಸಿ. ರಸ್ತೆ ಎದುರಿನಿಂದ ಬರುವವರದ್ದೂ ಹೌದು.