ಪರವಾನಗಿ ಧಣಿಗೆ, ಲಾಕಪ್ಪು ಮಾಣಿಗೆ?



ದೆಹಲಿ, ಗುರುಗ್ರಾಮ, ನೋಯ್ಡಾಗಳಲ್ಲಿ ಈಗ ‘ವೆಲ್‌ನೆಸ್’ ಎಂಬ ಹೊಸ ದೇವರ ಪೂಜೆ ನಡೆದಿದೆ. ನಿದ್ರೆ ಬಾರದವರಿಗೆ ಎಣ್ಣೆ, ಮಂಡಿನೋವಿಗೆ ಮುಲಾಮು, ಮೈಬಲಕ್ಕೆ ಬೀಜದ ಪುಡಿ. ಎಲ್ಲವೂ ಹೆಂಪ್ ಗಿಡದ್ದಂತೆ! ಹೆಂಪ್ ಎಂದರೆ ಬೇರೇನೂ ಅಲ್ಲ, ನಮ್ಮವರು ಭಂಗಿ ಎನ್ನುವ ಗಿಡವೇ. ಅದರಲ್ಲಿ ಸಿ.ಬಿ.ಡಿ. ಎಂಬ ಸತ್ವವಿದೆ, ಅದು ಅಮಲು ತರುವುದಿಲ್ಲ. ಟಿ.ಎಚ್.ಸಿ. ಎಂಬ ಸತ್ವವೂ ಇದೆ, ಅದು ಅಮಲು ತರುತ್ತದೆ. ಎರಡೂ ಒಂದೇ ಗಿಡದಲ್ಲಿವೆ. ತೊಡಕು ಹುಟ್ಟುವುದು ಇಲ್ಲಿಯೇ.

ಈ ವ್ಯಾಪಾರಕ್ಕೆ ಇಳಿಯುವ ಕಂಪೆನಿಗಳಿಗೆ ವಕೀಲರಿದ್ದಾರೆ. ಯಾವ ಪರವಾನಗಿ ಬೇಕು, ಚೀಟಿಯ ಮೇಲೆ ಏನು ಅಚ್ಚಾಗಬೇಕು ಎಂದು ಅವರು ಬರೆದುಕೊಡುತ್ತಾರೆ. ಆದರೆ ಪೆಟ್ಟಿಗೆ ಹೊರುವವನು ಯಾರು? ಸೀಸೆಯನ್ನು ಮೇಜಿಗೆ ತಂದಿಡುವವನು ಯಾರು? ಮಾಲು ಬಂದಾಗ ರುಜು ಹಾಕುವವನು ಯಾರು? ಹೊಟೇಲಿನ ಮಾಣಿ, ಗೋದಾಮಿನ ಹಮಾಲಿ! ಅವನಿಗೆ ಯಾವ ವಕೀಲ ಏನು ಬರೆದುಕೊಟ್ಟಿದ್ದಾನೆ?

ಕಾನೂನು ಏನು ಹೇಳುತ್ತದೆ ನೋಡಿ. 1985ರ ಮಾದಕ ವಸ್ತು ಕಾಯಿದೆಯಂತೆ ಗಿಡದ ಹೂ ತೆನೆ ಗಾಂಜಾ. ಅದರ ಅಂಟು, ಅಂಟಿನಿಂದ ತೆಗೆದ ಗಟ್ಟಿ ಎಣ್ಣೆ ಚರಸ್. ಇವನ್ನು ಇಟ್ಟುಕೊಳ್ಳುವುದು, ಮಾರುವುದು, ಸಾಗಿಸುವುದು, ಪರದೇಶದಿಂದ ತರಿಸುವುದು ಎಲ್ಲವೂ ಅಪರಾಧ. ಹೂವಿಲ್ಲದ ಬರೀ ಎಲೆ ಮತ್ತು ಬೀಜ ಗಾಂಜಾ ಅಲ್ಲ. 2021ರ ನವೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟುಗಳನ್ನು ಆಹಾರವೆಂದು ಒಪ್ಪಿತು. ಆದರೆ ಟಿ.ಎಚ್.ಸಿ. ಬೀಜದಲ್ಲಿ ಕಿಲೋಗೆ 5 ಮಿಲಿಗ್ರಾಂ, ಬೀಜದೆಣ್ಣೆಯಲ್ಲಿ 10 ಮಿಲಿಗ್ರಾಂ ಮೀರಬಾರದು. ಎಲೆಯು ‘ವಿಜಯಾ’ ಎಂಬ ಹೆಸರಿನಲ್ಲಿ ಆಯುರ್ವೇದ ಪರವಾನಗಿಯಿಂದ ಔಷಧಿಯಾಗುತ್ತದೆ. ವೈದ್ಯರ ನಿಗಾದಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಅದರ ಮೇಲಿರಬೇಕು.

ಅಂದರೆ ಬೀಜ ಅಡಿಗೆಮನೆಗೆ, ಎಲೆ ಔಷಧಿ ಅಂಗಡಿಗೆ, ಹೂವೂ ಅಂಟೂ ಜೈಲಿಗೆ! ಒಂದೇ ಗಿಡಕ್ಕೆ ಮೂರು ದಾರಿ. ಸೀಸೆಯೊಳಗಿನ ಎಣ್ಣೆ ಯಾವ ದಾರಿಯಿಂದ ಬಂದಿತೆಂದು ಮೂಸಿ ನೋಡಿ ಹೇಳಬಲ್ಲ ಮಾಣಿ ಯಾವ ಊರಿನಲ್ಲಿದ್ದಾನೆ? ಪ್ರಯೋಗಶಾಲೆಗೆ ಬೇಕಾದ ಪರೀಕ್ಷೆಯನ್ನು ಬಡವನ ಕಣ್ಣು ಮಾಡಬೇಕೇ?

ಇದೇ ಕಾಯಿದೆಯ 54ನೇ ಕಲಮಿನಂತೆ ಮಾಲು ಯಾರ ವಶದಲ್ಲಿ ಸಿಕ್ಕಿತೋ ಅವನೇ ತಪ್ಪಿತಸ್ಥನೆಂದು ಕೋರ್ಟು ಊಹಿಸಬಹುದು. 35ನೇ ಕಲಮಿನಂತೆ ಅವನಿಗೆ ತಿಳಿದೇ ಇತ್ತೆಂದು ಊಹೆ. ಅಲ್ಲವೆಂದು ರುಜುವಾತು ಮಾಡುವ ಭಾರ ಅವನದೇ. ಚರಸ್ 1 ಕಿಲೋ ದಾಟಿದರೆ ಕನಿಷ್ಠ 10 ವರ್ಷ ಸಜೆ, ಜಾಮೀನು ಬಲು ಕಷ್ಟ. ಮಿಶ್ರಣವಾದರೆ ಇಡೀ ತೂಕವನ್ನೇ ಲೆಕ್ಕ ಹಿಡಿಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಎಣ್ಣೆಯಲ್ಲಿ ಚರಸ್ಸಿದೆ ಎಂದು ವರದಿ ಬಂದರೆ 30 ಗ್ರಾಮಿನ 34 ಸೀಸೆಗಳೇ ಸಾಕು. ಒಂದು ರಟ್ಟಿನ ಪೆಟ್ಟಿಗೆ!

ಇದು ಬರಿಯ ಬೆದರಿಕೆಯೇ? ನಮ್ಮ ಬೆಂಗಳೂರಿನಲ್ಲೇ 2022ರ ಜೂನ್‌ನಲ್ಲಿ ಬಿಹಾರದ ಒಬ್ಬನನ್ನು 29 ಕಿಲೋ ಭಂಗಿ, 400 ಗ್ರಾಂ ಗಾಂಜಾ ಸಹಿತ ಪೋಲೀಸರು ಹಿಡಿದರು. ಭಂಗಿ ಈ ಕಾಯಿದೆಗೆ ಸೇರದು, ಉತ್ತರ ಭಾರತದಲ್ಲಿ ಲಸ್ಸಿ ಅಂಗಡಿಗಳಲ್ಲಿ ಮಾರುವ ಪಾನೀಯವದು ಎಂದು ಕರ್ನಾಟಕ ಹೈಕೋರ್ಟು ಹೇಳಿ ಜಾಮೀನು ಕೊಟ್ಟದ್ದು ಆಗಸ್ಟ್‌ನಲ್ಲಿ. ಎಲೆ ಯಾವುದು, ಹೂ ಯಾವುದು ಎಂಬುದು ಹೈಕೋರ್ಟಿಗೆ ಹೋಗಿ ತಿಳಿಯಬೇಕಾದರೆ, ಅಷ್ಟು ದಿನ ಒಳಗಿದ್ದವನ ಹೆಂಡತಿ ಮಕ್ಕಳಿಗೆ ಗಂಜಿ ಹಾಕುವವರು ಯಾರು?

ಗಿರಣಿಯ ಅಣ್ಣಂದಿರು ಇದು ಹೊಟೇಲಿನವರ ಮಾತೆಂದು ಸುಮ್ಮನಿರಬಾರದು. 1996ರಲ್ಲಿ ಸುಪ್ರೀಂ ಕೋರ್ಟಿನ ಅಪ್ಪಣೆಯಿಂದ ದೆಹಲಿಯ 168 ಕಾರ್ಖಾನೆಗಳು ಮುಚ್ಚಬೇಕಾಯಿತು. ಗಿರಣಿಯಲ್ಲಿ ನೂಲು ತೆಗೆದವರ ಮಕ್ಕಳು ಇಂದು ಗೋದಾಮುಗಳಲ್ಲಿ ಪಾರ್ಸೆಲು ಕಟ್ಟುತ್ತಿದ್ದಾರೆ. ಅಮೆರಿಕವು 2018ರಲ್ಲಿ ಹೆಂಪಿಗೆ ಬಾಗಿಲು ತೆರೆಯಿತು. 2025ರ ನವೆಂಬರಿನಲ್ಲಿ ಅದೇ ಬಾಗಿಲನ್ನು ಬಿಗಿಮಾಡುವ ಕಾನೂನು ಮಾಡಿತು. ಅಲ್ಲಿ ಬೇಡವಾದ ಮಾಲು ಎಲ್ಲಿಗೆ ದಾರಿ ಹುಡುಕೀತು?

“ನೀವು ಒಳ್ಳೆಯ ಗಿಡಕ್ಕೆ ವೈರಿಗಳು” ಎಂದು ಕೆಲವರು ಮೂಗು ಮುರಿಯುತ್ತಾರೆ. ಸುಳ್ಳು! ಉತ್ತರಾಖಂಡವು 2018ರಿಂದ ನಾರಿನ ಹೆಂಪ್ ಬೆಳೆಯಲು ಪರವಾನಗಿ ಕೊಡುತ್ತಿದೆ. ಬೆಟ್ಟದ ರೈತನಿಗೆ ನಾಲ್ಕು ಕಾಸು ಸಿಕ್ಕರೆ ನಮಗೆ ಸಂತೋಷವೇ. ನೋವಿಗೆ ಔಷಧಿ ಸಿಗುವುದಾದರೆ ಸಿಗಲಿ. ನಮ್ಮ ತಕರಾರು ಗಿಡದ ಮೇಲಲ್ಲ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸುವ ಪದ್ಧತಿಯ ಮೇಲೆ. ಕಂಪೆನಿಯ ಹೊಣೆ ಹೊತ್ತವರೂ ತಪ್ಪಿತಸ್ಥರೆಂದು 38ನೇ ಕಲಮು ಹೇಳುತ್ತದೆ. ಆದರೆ ಪೋಲೀಸರ ಕೈಗೆ ಮೊದಲು ಸಿಗುವುದು ಗಲ್ಲಾದ ಹಿಂದಿನ ಧಣಿಯಲ್ಲ, ತಟ್ಟೆ ಹಿಡಿದವನು.

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಒಂದು: ಇಂಥ ಮಾಲು ಇಡುವ ಧಣಿಯು ಪರವಾನಗಿಯನ್ನೂ ಪರೀಕ್ಷೆಯ ವರದಿಯನ್ನೂ ಕೆಲಸಗಾರರಿಗೆ ಕಾಣುವಂತೆ ಗೋಡೆಗೆ ತೂಗುಹಾಕಲಿ. ಎರಡು: ಹೊಣೆ ತನ್ನದೆಂದು ಬರಹದಲ್ಲಿ ಕೊಡಲಿ, ಕೇಸಾದರೆ ವಕೀಲರ ಖರ್ಚು, ಆ ದಿನಗಳ ಸಂಬಳ ಎರಡನ್ನೂ ಕೊಡಲಿ. ಮೂರು: ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ಸರಕಾರವು ಕೆಲಸಗಾರನಿಗೂ ಠಾಣೆಯ ಪೇದೆಗೂ ತಿಳಿಯುವ ಭಾಷೆಯಲ್ಲಿ ಒಂದೇ ಹಾಳೆಯಲ್ಲಿ ಅಚ್ಚುಹಾಕಿಸಲಿ.

ಅಲ್ಲಿಯವರೆಗೆ ಚೀಟಿಯಿಲ್ಲದ ಸೀಸೆಯನ್ನು ಮುಟ್ಟಬೇಡಿ. ಓದದೆ ರುಜು ಹಾಕಬೇಡಿ. ಮೈ ತಪಾಸಣೆಗೆ ಬಂದರೆ ಗೆಜೆಟೆಡ್ ಅಧಿಕಾರಿ ಇಲ್ಲವೇ ಮ್ಯಾಜಿಸ್ಟ್ರೇಟರ ಎದುರಿನಲ್ಲೇ ಆಗಲೆಂದು ಕೇಳಿ. ಅದು 50ನೇ ಕಲಮು ಕೊಟ್ಟ ಹಕ್ಕು. ಒಬ್ಬನೇ “ಒಲ್ಲೆ” ಎಂದರೆ ಕೆಲಸ ಹೋಗುತ್ತದೆ. ಅಡಿಗೆಯವರು, ಸಪ್ಲೈಯರುಗಳು, ಕ್ಲೀನರುಗಳು ಒಟ್ಟಾಗಿ “ಮೊದಲು ಕಾಗದ ತೋರಿಸಿ” ಎಂದರೆ ಧಣಿಯು ತೋರಿಸಲೇಬೇಕಾಗುತ್ತದೆ.

ಲಾಭ ಹಂಚುವಾಗ ನಮ್ಮ ನೆನಪಾಗದವರಿಗೆ ಸಜೆ ಹಂಚುವಾಗಲೂ ನಮ್ಮ ನೆನಪಾಗುವುದು ಬೇಡ.