ಕೊಬ್ಬರಿ ನಾಡಿನ ಸಣ್ಣ ಉದ್ದಿಮೆ: ಬೆಲೆ ಇದ್ದಾಗಲೇ ಮಾರುಕಟ್ಟೆ ಕಟ್ಟಬೇಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪೇಟೆಗಳಲ್ಲಿ ಬಟ್ಟೆ ಅಂಗಡಿಯಿಂದ ಚಿನ್ನದ ಅಂಗಡಿಯವರೆಗೆ ಎಲ್ಲರ ವಹಿವಾಟೂ ಒಂದೇ ಅಂಕಿಗೆ ಕಟ್ಟುಬಿದ್ದಿದೆ. ಅದು ತಿಪಟೂರು ಎಪಿಎಂಸಿಯಲ್ಲಿ ಒಂದು ಕ್ವಿಂಟಲ್ ಉಂಡೆ ಕೊಬ್ಬರಿಗೆ ದೊರೆಯುವ ಧಾರಣೆ. 2023ರಲ್ಲಿ ಈ ಅಂಕಿ 8 ಸಾವಿರ ರೂಪಾಯಿಯ ಆಸುಪಾಸಿಗೆ ಕುಸಿದಿತ್ತು. 2025ರ ಮಧ್ಯಭಾಗದಲ್ಲಿ ಅದೇ ಕೊಬ್ಬರಿ 25 ಸಾವಿರ ರೂಪಾಯಿ ದಾಟಿತು. ಎರಡು ವರ್ಷಗಳಲ್ಲಿ ಮೂರು ಪಟ್ಟು ಏರಿದ ಬೆಲೆ ಬೆಳೆಗಾರರಿಗೆ ನೆಮ್ಮದಿ ತಂದಿತು, ನಿಜ. ಆದರೆ ಅದೇ ಕೊಬ್ಬರಿಯನ್ನು ಕೊಂಡು ಎಣ್ಣೆ ತೆಗೆಯುವ, ಪುಡಿ ಮಾಡುವ, ಪೊಟ್ಟಣ ಕಟ್ಟಿ ಮಾರುವ ಸಣ್ಣ ಉದ್ದಿಮೆದಾರರನ್ನು ಅದು ಇಕ್ಕಟ್ಟಿಗೆ ಸಿಲುಕಿಸಿತು. ಬೆಲೆ ಬಿದ್ದಾಗ ರೈತ, ಏರಿದಾಗ ಉದ್ದಿಮೆದಾರ. ಒಬ್ಬರಲ್ಲ ಒಬ್ಬರು ನಷ್ಟ ಹೊರುವ ಈ ವ್ಯವಸ್ಥೆಯಿಂದ ಹೊರಬರುವ ಬಗೆ ಹೇಗೆ ಎಂಬುದೇ ಕಲ್ಪತರು ನಾಡಿನ ಮುಂದಿರುವ ಪ್ರಶ್ನೆ.

ಧಾರಣೆಯ ಕೀಲಿ ಹೊರಗಿದೆ

ತಿಪಟೂರಿನ ಉಂಡೆ ಕೊಬ್ಬರಿ ಅವಸರದ ಸರಕಲ್ಲ. ಮರದಲ್ಲಿ ಬಲಿಯಲು ಕಾಯಿಗೆ ಸುಮಾರು ಒಂದು ವರ್ಷ ಬೇಕು. ಬಳಿಕ ಅಟ್ಟದಲ್ಲಿ ಮತ್ತೆ ಎಂಟು ತಿಂಗಳಿಂದ ಒಂದು ವರ್ಷ ಒಣಗಿ, ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟ ಮೇಲೆಯೇ ಅದು ಕೊಬ್ಬರಿ ಎನಿಸಿಕೊಳ್ಳುತ್ತದೆ. ಇದರ ಬಹುಪಾಲು ಹೋಗುವುದು ಉತ್ತರ ಭಾರತಕ್ಕೆ. ಅಲ್ಲಿ ಇದು ಒಣಹಣ್ಣು, ದ್ರಾಕ್ಷಿಗಳ ಸಾಲಿನಲ್ಲಿ, ಪೂಜೆ, ಮದುವೆ, ಸಿಹಿತಿನಿಸುಗಳಿಗೆ ಬಳಕೆಯಾಗುತ್ತದೆ. ಹೀಗಾಗಿ ಅಲ್ಲಿನ ಹಬ್ಬಗಳ ಬೇಡಿಕೆಯೇ ಇಲ್ಲಿನ ಧಾರಣೆಯನ್ನು ಏರಿಸಿ ಇಳಿಸುತ್ತದೆ.

ಈಚೆಗೆ ಹೊರಗಿನ ಇತರ ಕಾರಣಗಳೂ ಸೇರಿಕೊಂಡಿವೆ. ಬಿಳಿ ನೊಣ ಮತ್ತು ಕಪ್ಪುತಲೆ ಹುಳುವಿನ ಬಾಧೆ, ಬರದಿಂದ ಇಳುವರಿ ಕುಗ್ಗಿತು. ಎಳನೀರಿಗೆ ಬೇಡಿಕೆ ಹೆಚ್ಚಿ, ಕೊಬ್ಬರಿಯಾಗಬೇಕಿದ್ದ ಕಾಯಿ ಎಳೆಯದಾಗಿಯೇ ಲಾರಿ ಏರಿತು. 2025ರಲ್ಲಿ ಜಾಗತಿಕ ಮಾರುಕಟ್ಟೆಯಲ್ಲೂ ತೆಂಗಿನೆಣ್ಣೆಯ ದರ ದಾಖಲೆ ಮಟ್ಟಕ್ಕೆ ಏರಿತು. ಇವುಗಳಲ್ಲಿ ಯಾವುದೂ ತುರುವೇಕೆರೆಯ ಗಾಣದ ಮಾಲೀಕನ ಅಥವಾ ಹುಳಿಯಾರಿನ ಮಂಡಿ ವರ್ತಕನ ಹಿಡಿತದಲ್ಲಿಲ್ಲ. ಅವರ ಹಿಡಿತದಲ್ಲಿರುವುದು ಏನನ್ನು, ಯಾರಿಗೆ, ಯಾವ ಹೆಸರಿನಲ್ಲಿ ಮಾರಬೇಕು ಎಂಬುದು ಮಾತ್ರ.

ಲೆಕ್ಕ ಮೊದಲು, ಸರಕು ನಂತರ

ಒಂದು ಕಿಲೋ ಎಣ್ಣೆಗೆ ಸುಮಾರು 1.6 ಕಿಲೋ ಕೊಬ್ಬರಿ ಬೇಕು. ಕೊಬ್ಬರಿ ಕಿಲೋಗೆ 80 ರೂಪಾಯಿ ಇದ್ದಾಗ ಎಣ್ಣೆಯ ಕಚ್ಚಾವಸ್ತುವಿನ ವೆಚ್ಚ 130 ರೂಪಾಯಿಯ ಒಳಗಿರುತ್ತದೆ; ಕೊಬ್ಬರಿ 250 ರೂಪಾಯಿ ಆದಾಗ ಅದು 400 ರೂಪಾಯಿ ಆಗುತ್ತದೆ. ಗಾಣಕ್ಕೆ ಹೋಗುವುದು ಒಡೆದ, ಎರಡನೆಯ ದರ್ಜೆಯ ಕೊಬ್ಬರಿಯೇ ಆದರೂ ಅದರ ದರವೂ ಉಂಡೆ ಕೊಬ್ಬರಿಯನ್ನೇ ಹಿಂಬಾಲಿಸುತ್ತದೆ. ಇಂತಹ ಸಂದರ್ಭದಲ್ಲಿ ಅಗ್ಗದ ಎಣ್ಣೆ ಬೆರೆಸುವ ಆಮಿಷ ಸಹಜ. ಆದರೆ ಒಮ್ಮೆ ಕೈತಪ್ಪಿದ ಗಿರಾಕಿ ಬೆಲೆ ಇಳಿದ ಮೇಲೂ ಮರಳಿ ಬರುವುದಿಲ್ಲ. ಗುಣಮಟ್ಟ ಇಳಿಸುವುದಕ್ಕಿಂತ ಅಳತೆ ಇಳಿಸುವುದು ಲೇಸು. ಲೀಟರ್ ಬಾಟಲಿಯ ಜೊತೆಗೆ 100 ಮತ್ತು 200 ಮಿಲಿಲೀಟರ್ ಬಾಟಲಿಗಳನ್ನೂ ಇಟ್ಟು, ಅಳತೆಯನ್ನು ಎದ್ದು ಕಾಣುವಂತೆ ನಮೂದಿಸಿದರೆ ಗಿರಾಕಿ ಉಳಿಯುತ್ತಾನೆ, ನಂಬಿಕೆಯೂ ಉಳಿಯುತ್ತದೆ.

ಇನ್ನೊಂದು ಸೂತ್ರವೂ ಇಲ್ಲಿದೆ. ಸಿದ್ಧ ಸರಕಿನ ಬೆಲೆಯಲ್ಲಿ ಕೊಬ್ಬರಿಯ ಪಾಲು ಕಡಿಮೆಯಾದಷ್ಟೂ ಧಾರಣೆಯ ಪೆಟ್ಟು ಕಡಿಮೆ. ಎಣ್ಣೆಯಲ್ಲಿ ಆ ಪಾಲು ಬಹುತೇಕ ಪೂರ್ಣ. ಚಟ್ನಿಪುಡಿ, ಕೊಬ್ಬರಿ ಮಿಠಾಯಿಗಳಲ್ಲಿ ಅದು ಒಂದು ಭಾಗ ಮಾತ್ರ. ಕರಟದ ಇದ್ದಿಲು, ತೆಂಗಿನ ನಾರು, ಬೆಂಗಳೂರಿನ ತಾರಸಿ ತೋಟಗಳಿಗೆ ಬೇಕಾಗುವ ನಾರಿನ ಪುಡಿ ಇವುಗಳಿಗೆ ಕೊಬ್ಬರಿಯೇ ಬೇಕಿಲ್ಲ. ಒಂದೇ ಸರಕನ್ನು ನೆಚ್ಚದೆ, ಈ ಮೂರು ಬಗೆಗಳಲ್ಲಿ ಕನಿಷ್ಠ ಎರಡನ್ನು ಜೊತೆಗೂಡಿಸಿಕೊಂಡ ಉದ್ದಿಮೆ ಏರಿಳಿತವನ್ನು ತಡೆದುಕೊಳ್ಳಬಲ್ಲದು.

ಹೆಸರಿಗೂ ಬೆಲೆಯಿದೆ

ಉತ್ತರದ ವರ್ತಕರು ತಿಪಟೂರಿನ ಹೆಸರು ಹೇಳಿಯೇ ಕೊಬ್ಬರಿ ಕೊಳ್ಳುತ್ತಾರೆ. ಆದರೆ ಸುಮಾರು 140 ಕಿಲೋಮೀಟರ್ ದೂರದ ಬೆಂಗಳೂರಿನ ಗೃಹಿಣಿ ಕಿರಾಣಿ ಅಂಗಡಿಯಲ್ಲಿ ಕೊಳ್ಳುವ ಕೊಬ್ಬರಿಗೆ ಬಹುತೇಕ ಊರೂ ಇಲ್ಲ, ಹೆಸರೂ ಇಲ್ಲ. ಸಂಕ್ರಾಂತಿಯ ಎಳ್ಳು–ಬೆಲ್ಲಕ್ಕೆ ಸಣ್ಣಗೆ ಹೆಚ್ಚಿದ ಕೊಬ್ಬರಿ ಪ್ರತಿ ಮನೆಗೂ ಬೇಕು. ಗೌರಿ–ಗಣೇಶ, ದೀಪಾವಳಿಯ ಅಡುಗೆಗೂ ಬೇಕು. ಗಾತ್ರ ಮತ್ತು ಬಣ್ಣದ ಮೇಲೆ ವಿಂಗಡಿಸಿ, ಹಬ್ಬಕ್ಕೆ ಒಂದು ತಿಂಗಳು ಮುಂಚೆಯೇ ಊರಿನ ಹೆಸರಿನ ಪೊಟ್ಟಣದಲ್ಲಿ ಅಂಗಡಿಗೆ ತಲುಪಿಸುವ ಸ್ವಸಹಾಯ ಸಂಘ ಮಂಡಿಯ ಧಾರಣೆಗಿಂತ ಉತ್ತಮ ದರ ಕೇಳಬಹುದು.

ಪೊಟ್ಟಣವೆಂದ ಮೇಲೆ ಕಾನೂನೂ ಇದೆ. ಎಫ್‌ಎಸ್‌ಎಸ್‌ಎಐ ಸಂಖ್ಯೆ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ದಿನಾಂಕ ಮತ್ತು ವಿಳಾಸ ಇಲ್ಲದ ಸರಕನ್ನು ನಗರದ ದೊಡ್ಡ ಅಂಗಡಿಗಳು ಮುಟ್ಟುವುದಿಲ್ಲ. ಸಣ್ಣ ಬಾಟಲಿಯ ಶುದ್ಧ ತೆಂಗಿನೆಣ್ಣೆಯನ್ನು ಖಾದ್ಯ ತೈಲವೆಂದೇ ವರ್ಗೀಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. 2025ರ ಸೆಪ್ಟೆಂಬರ್ 22ರಿಂದ ಕೇಶತೈಲದ ಜಿಎಸ್‌ಟಿ ಕೂಡ ಶೇ 18ರಿಂದ ಶೇ 5ಕ್ಕೆ ಇಳಿದು, ತೆರಿಗೆಯ ಅಂತರ ಅಳಿಯಿತು. ಆದರೂ ಚೀಟಿಯ ಮೇಲೆ ‘ಕೂದಲಿಗೆ’ ಎಂದು ಬರೆದರೆ ಸರಕು ಸೌಂದರ್ಯವರ್ಧಕವಾಗುತ್ತದೆ. ಅದಕ್ಕೆ ಬೇರೆಯೇ ಪರವಾನಗಿ ಬೇಕು ಎಂಬುದನ್ನು ಗಾಣದವರು ಮರೆಯಬಾರದು.

ಬಂಡವಾಳದ ದಾರಿಯೂ ಇಲ್ಲದಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ತುಮಕೂರು ಜಿಲ್ಲೆಗೆ ಗುರುತಿಸಿದ್ದು ತೆಂಗಿನ ಉತ್ಪನ್ನಗಳನ್ನೇ. ಕೇಂದ್ರದ ಶೇ 35ರ ಸಾಲಸಹಿತ ಸಹಾಯಧನಕ್ಕೆ ರಾಜ್ಯ ಸರ್ಕಾರ ಶೇ 15 ಸೇರಿಸಿತು. ಆದರೆ ಸಹಾಯಧನದಿಂದ ಯಂತ್ರ ಬರಬಹುದೇ ಹೊರತು ಗಿರಾಕಿ ಬರುವುದಿಲ್ಲ. ಕೊಳ್ಳುವವರು ಯಾರೆಂದು ತಿಳಿಯದೆ ತಂದ ಯಂತ್ರ ಸಾಲದ ಕಂತಿಗಷ್ಟೇ ದಾರಿಯಾಗುತ್ತದೆ.

ಮಾರಾಟ ಎಂದರೆ ಹಣ ಕೈಸೇರುವುದು

ಸಣ್ಣ ಉದ್ದಿಮೆ ಮುಳುಗುವುದು ಅನೇಕ ವೇಳೆ ನಷ್ಟದಿಂದಲ್ಲ, ಬಾಕಿಯಿಂದ. ದುಬಾರಿ ಕೊಬ್ಬರಿಯನ್ನು ರೈತನಿಂದ ನಗದು ಕೊಟ್ಟು ಕೊಂಡು, ಪುಡಿಯನ್ನು ಬಿಸ್ಕತ್ತು ಅಥವಾ ಸಿಹಿತಿನಿಸು ತಯಾರಕರಿಗೆ ತಿಂಗಳುಗಟ್ಟಲೆ ಉದ್ದರಿ ಕೊಟ್ಟರೆ ದುಡಿಯುವ ಬಂಡವಾಳ ಕರಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ತಯಾರಕರಿಗೆ ಕೊಳ್ಳುವವರು ಗರಿಷ್ಠ 45 ದಿನಗಳಲ್ಲಿ ಹಣ ಪಾವತಿಸಬೇಕು. ತಡವಾದರೆ ಬಡ್ಡಿ ಕೇಳುವ ಹಕ್ಕಿದೆ. ಉದ್ಯಮ್ ನೋಂದಣಿ ಮತ್ತು ಲಿಖಿತ ಖರೀದಿ ಆದೇಶ ಇವೆರಡೂ ಇದ್ದರೆ ಆ ಹಕ್ಕಿಗೆ ಬಲ. ಬಾಯಿಮಾತಿನ ವ್ಯವಹಾರ ಮಂಡಿಯ ಸಂಪ್ರದಾಯವಿರಬಹುದು, ದೂರದ ಗಿರಾಕಿಯೊಡನೆ ಅದು ನಡೆಯದು.

ಕೇಂದ್ರ ಸರ್ಕಾರ 2026ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ನಿಗದಿಪಡಿಸಿದ ಬೆಂಬಲ ಬೆಲೆ 12,500 ರೂಪಾಯಿ. ಅಂದರೆ 2025ರಲ್ಲಿ ಕಂಡ ಧಾರಣೆ ಅರ್ಧಕ್ಕೆ ಇಳಿದರಷ್ಟೇ ಸರ್ಕಾರದ ಆಸರೆ ಆರಂಭ. ಆ ಆಸರೆಯೂ ಬೆಳೆಗಾರನಿಗೆ ಮಾತ್ರ. 2024ರ ಆರಂಭದಲ್ಲಿ ನಫೆಡ್ ಖರೀದಿಗೆ ಹೆಸರು ನೋಂದಾಯಿಸಲು ರೈತರು ಸರದಿ ನಿಂತ ದೃಶ್ಯ ಈ ಭಾಗದವರ ನೆನಪಿನಿಂದ ಮಾಸಿಲ್ಲ. ಗಾಣದವನಿಗೆ, ಚಟ್ನಿಪುಡಿ ಮಾಡುವ ಮಹಿಳಾ ಸಂಘಕ್ಕೆ, ನಾರಿನ ಘಟಕಕ್ಕೆ ಅಂತಹ ಸರದಿಯೂ ಇಲ್ಲ. ಕಾಯಂ ಗಿರಾಕಿಯೇ ಅವರ ಪಾಲಿನ ಬೆಂಬಲ ಬೆಲೆ. ಧಾರಣೆ ಬಿದ್ದ ಮೇಲೆ ಗಿರಾಕಿಯನ್ನು ಹುಡುಕುತ್ತ ಹೊರಡುವುದಕ್ಕಿಂತ, ಪೇಟೆಯಲ್ಲಿ ಹಣ ಓಡಾಡುತ್ತಿರುವಾಗಲೇ ಆ ಸಂಬಂಧವನ್ನು ಬೆಸೆದುಕೊಳ್ಳುವುದು ವಿವೇಕ.